ಬಿಪಿ ಇದ್ದವರಿಗೆ ಯಾವ ಟೆಸ್ಟ್? ಕ್ರಿಯಾಟಿನಿನ್, ಸಿಸ್ಟಾಟಿನ್ ಸಿ, ಸಿಆರ್‌ಪಿ ಮತ್ತು ಚೀಟಿಯಲ್ಲಿ ಇಲ್ಲದ ಇನ್ನೊಂದು

"ಸರ, ಬಿಪಿ ಅದ. ಕಿಡ್ನಿದು ಯಾವ್ದು ಛಲೋ ಟೆಸ್ಟ್ ಅದ, ಅದನ್ನ ಮಾಡ್ರಿ."

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಾನು ಕೆಲಸ ಮಾಡುವ ಲ್ಯಾಬಿನ ಕೌಂಟರಿನಲ್ಲಿ ವಾರಕ್ಕೆ ನಾಲ್ಕೈದು ಸಲ ಈ ಮಾತು ಕೇಳುತ್ತೇನೆ. ಕೆಲವರ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ, ಕೆಲವರ ಮೊಬೈಲಿನಲ್ಲಿ "ಎಪ್ಪತ್ತು ಟೆಸ್ಟ್, ಒಂದೇ ರೇಟು" ಎಂಬ ಜಾಹೀರಾತು. ಹೋದ ತಿಂಗಳು ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಬಂದಿದ್ದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳಿದ್ದನ್ನು ಮೊಮ್ಮಗಳ ಕೈಲಿ ನೋಟ್‌ಬುಕ್ ಹಾಳೆಯ ಮೇಲೆ ಬರೆಸಿಕೊಂಡಿದ್ದರು: ಸಿಸ್ಟಾಟಿನ್ ಸಿ, ಎಚ್‌ಎಸ್-ಸಿಆರ್‌ಪಿ. ಮೊದಲನೆಯದು ಕಿಡ್ನಿಯ ಟೆಸ್ಟ್, ಎರಡನೆಯದು ಉರಿಯೂತದ್ದು. ಎರಡಕ್ಕೂ ಸೇರಿ ಎಷ್ಟಾಗುತ್ತದೆಂದು ಹೇಳಿದೆ. ಅವರು ಹಾಳೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ಕೇಳಿದರು: "ಎರಡ್ರಾಗ ಒಂದ ಮಾಡ್ಸೋದಾದ್ರ ಯಾವ್ದು ಮಾಡ್ಸ್ಲಿ, ತಮ್ಮಾ?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ರಕ್ತ ತೆಗೆದು ಮಷಿನ್ನಿಗೆ ಹಾಕುವವನು. ಮಾತ್ರೆಯ ತೀರ್ಮಾನ ನಿಮ್ಮ ಡಾಕ್ಟರದು. ಆದರೆ ಯಾವ ಟೆಸ್ಟಿಗೆ ಕೊಟ್ಟ ದುಡ್ಡು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಹಾಳೆ ತುಂಬಿಸುತ್ತದೆ ಅನ್ನುವುದು ಹದಿನೆಂಟು ವರ್ಷ ಕೌಂಟರಿನ ಈ ಕಡೆ ನಿಂತವನಿಗೆ ತಿಳಿಯುತ್ತದೆ.

ಮೊದಲು ಒಂದು ಮಾತು: ಕಿಡ್ನಿ, ಉರಿಯೂತ, ಬಿಪಿ ಈ ಮೂರನ್ನೂ ಯಾಕೆ ಒಟ್ಟಿಗೆ ಹೇಳುತ್ತಾರೆ? ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಒತ್ತಡ ಹೆಚ್ಚಾದ ರಕ್ತ ವರ್ಷಗಟ್ಟಲೆ ಬಡಿದರೆ ಆ ಜರಡಿಯ ಒಳಪೊರೆ ಗಾಯಗೊಳ್ಳುತ್ತದೆ. ಗಾಯವಾದಲ್ಲಿ ಉರಿಯೂತ, ಉರಿಯೂತ ಆರಿದಲ್ಲಿ ಗಟ್ಟಿ ಕಲೆ. ಜರಡಿ ಕಡಿಮೆಯಾದಂತೆ ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಇನ್ನಷ್ಟು ಏರುತ್ತದೆ. ಉರಿಯೂತ ಹುಟ್ಟಿಸುವ ಪದಾರ್ಥಗಳನ್ನು ಹೊರಹಾಕುವುದೂ ಕಿಡ್ನಿಯ ಕೆಲಸವೇ ಆದ್ದರಿಂದ, ಕಿಡ್ನಿ ಸೋತಂತೆ ಅವೂ ರಕ್ತದಲ್ಲಿ ಉಳಿಯುತ್ತವೆ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುವ ವ್ಯವಹಾರ ಇದು. ಎಲ್ಲಿ ಶುರುವಾಯಿತೆಂದು ಯಾವ ಟೆಸ್ಟೂ ಹೇಳುವುದಿಲ್ಲ. ಈಗ ಸುತ್ತು ಎಲ್ಲಿಗೆ ಬಂದಿದೆ ಎಂದಷ್ಟೇ ಹೇಳುತ್ತದೆ.

ಯಾವ ತಕ್ಕಡಿಯಲ್ಲಿ ತೂಗಬೇಕು

ನಾನು ಐದು ವಿಷಯ ನೋಡುತ್ತೇನೆ. ಫಲಿತಾಂಶ ಬಂದ ಮೇಲೆ ಡಾಕ್ಟರ ಚೀಟಿಯಲ್ಲಿ ಏನಾದರೂ ಬದಲಾಗುತ್ತದೆಯೇ? ಕಿಡ್ನಿ ಹಾಳಾಗುವ ಮೊದಲೇ ಸುಳಿವು ಕೊಡುತ್ತದೆಯೇ? ಕಿಡ್ನಿ ಬಿಟ್ಟು ಬೇರೆ ಕಾರಣಕ್ಕೂ ಏರಿಳಿಯುತ್ತದೆಯೇ? ಸ್ಯಾಂಪಲ್ ಇಲ್ಲೇ ಓಡುತ್ತದೆಯೋ, ಬಸ್ಸು ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕೋ? ಕೊನೆಯದು ದುಡ್ಡು. ಬಿಪಿ ಒಂದು ದಿನದ ಜ್ವರವಲ್ಲ, ಟೆಸ್ಟನ್ನು ವರ್ಷ ವರ್ಷ ಮಾಡಿಸಬೇಕು. ಹಾಗಾಗಿ ಒಂದು ಸಲದ ಬೆಲೆಯನ್ನಲ್ಲ, ಹತ್ತು ಸಲದ ಬೆಲೆಯನ್ನು ಲೆಕ್ಕ ಹಾಕಿ.

ಐದರಲ್ಲಿ ಮೊದಲನೆಯದಕ್ಕೇ ನನ್ನ ಹೆಚ್ಚಿನ ತೂಕ.

ಕ್ರಿಯಾಟಿನಿನ್: ಅಗ್ಗ, ಆದರೆ ಅಂಕಿಯನ್ನು ಹಾಗೇ ಓದಬೇಡಿ

ಮಾಂಸಖಂಡ ಸವೆದಾಗ ಹುಟ್ಟುವ ಕಸ ಇದು. ಕಿಡ್ನಿ ಸೋಸಿ ಹೊರಹಾಕುತ್ತದೆ. ಸೋಸುವುದು ಕುಗ್ಗಿದರೆ ರಕ್ತದಲ್ಲಿ ಏರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ಖಾಸಗಿ ಲ್ಯಾಬಿನಲ್ಲಿ ನೂರು ಇನ್ನೂರರ ಆಸುಪಾಸು. ಅರ್ಧ ದಿನದಲ್ಲಿ ರಿಪೋರ್ಟು ಕೈಗೆ.

ತೊಂದರೆ ಇರುವುದು ಓದುವ ರೀತಿಯಲ್ಲಿ. ರಿಪೋರ್ಟಿನ ಪಕ್ಕದಲ್ಲಿ "0.7ರಿಂದ 1.3" ಎಂದು ಅಚ್ಚಾಗಿರುತ್ತದೆ, ಜನ ಅದನ್ನು ನೋಡಿ "ನಾರ್ಮಲ್ ಅದ" ಎಂದು ಮಡಚಿ ಇಟ್ಟುಬಿಡುತ್ತಾರೆ. 1.2 ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ 30 ವರ್ಷದ ಹುಡುಗನಿಗೆ 1.2 ಬಂದರೆ, ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಅವನ ಸೋಸುವ ಶಕ್ತಿ, ಅಂದರೆ ಇ-ಜಿಎಫ್‌ಆರ್, ಸುಮಾರು 83. ಅವನ ಗಟ್ಟಿ ಮೈ ನೋಡಿದರೆ ನಿಜವಾದದ್ದು ಇನ್ನೂ ಹೆಚ್ಚೇ ಇರಬಹುದು. ಅದೇ 1.2 ಅವನ 65 ವರ್ಷದ ಅಜ್ಜಿಗೆ ಬಂದರೆ ಇ-ಜಿಎಫ್‌ಆರ್ ಸುಮಾರು 50. ಅಂಕಿ ಒಂದೇ ಆದರೂ ಅಜ್ಜಿಯ ಕಿಡ್ನಿಯ ಬಗ್ಗೆ ಯೋಚಿಸಲೇಬೇಕು. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಆದ್ದರಿಂದ ರಿಪೋರ್ಟಿನಲ್ಲಿ ಇ-ಜಿಎಫ್‌ಆರ್ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅದಕ್ಕೆ ಬೇರೆ ರಕ್ತ ಬೇಕಿಲ್ಲ, ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದು ಗೊತ್ತಿದ್ದರೆ ಸಾಕು, ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ.

ಇನ್ನೆರಡು ಕೊರತೆ. ಕ್ರಿಯಾಟಿನಿನ್ ತಡವಾಗಿ ಎಚ್ಚರಿಸುತ್ತದೆ. ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೂ ಎಷ್ಟೋ ಜನರಲ್ಲಿ ಆ "ನಾರ್ಮಲ್" ಗೆರೆಯೊಳಗೇ ಇರುತ್ತದೆ. ಎರಡನೆಯದು, ಬೇರೆ ಕಾರಣಕ್ಕೂ ಏರುತ್ತದೆ. ಹಿಂದಿನ ರಾತ್ರಿ ಭರ್ತಿ ಮಟನ್ ಉಂಡು ಬಂದರೆ ಏರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬೆವರು ಸುರಿಸಿ ಕೆಲಸ ಮಾಡಿ, ನೀರು ಕುಡಿಯದೆ ಬಂದರೆ ಏರುತ್ತದೆ. ನಮ್ಮ ಬಿಸಿಲು ಎಂಥದ್ದೆಂದು ರಾಯಚೂರು, ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಒಂದು ಸಲ ಹೆಚ್ಚು ಬಂತೆಂದು ಗಾಬರಿಯಾಗಿ ಹೈದರಾಬಾದಿನ ರೈಲು ಹತ್ತುವ ಮೊದಲು ಡಾಕ್ಟರಿಗೆ ತೋರಿಸಿ, ಎರಡು ದಿನ ಸುಧಾರಿಸಿಕೊಂಡು, ನೀರು ಕುಡಿದು ಮತ್ತೊಮ್ಮೆ ಮಾಡಿಸಬಹುದೇ ಕೇಳಿ.

ಇಷ್ಟೆಲ್ಲ ಇದ್ದರೂ ಇದನ್ನು ಬಿಡುವ ಹಾಗಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆಗಳಲ್ಲಿ ಯಾವುದನ್ನೇ ಶುರು ಮಾಡಿದರೂ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡುವುದು ಪದ್ಧತಿ. ಆಗ ಕ್ರಿಯಾಟಿನಿನ್ ಸ್ವಲ್ಪ ಏರಿದರೆ, ಮೊದಲಿದ್ದದ್ದಕ್ಕಿಂತ ಶೇಕಡ 30ರೊಳಗೆ, ಡಾಕ್ಟರು ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. "ಮಾತ್ರೆಯಿಂದ ಕಿಡ್ನಿ ಹೋಯ್ತು" ಎಂದು ಮನೆಯಲ್ಲೇ ನಿಲ್ಲಿಸಿದವರನ್ನು ಬಹಳ ನೋಡಿದ್ದೇನೆ. ಅದೇ ಜನ ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕನ್ನು ದಿನಕ್ಕೆರಡು ನುಂಗುತ್ತಿರುತ್ತಾರೆ. ಕಿಡ್ನಿಗೆ ಭಾರವಾಗುವುದು ಆ ಗುಳಿಗೆ.

ಯೂರಿಯಾ ಬಗ್ಗೆ ಒಂದೇ ಸಾಲು: ಊಟ, ನೀರು, ಜ್ವರ ಎಲ್ಲಕ್ಕೂ ಏರಿಳಿಯುತ್ತದೆ, ಕ್ರಿಯಾಟಿನಿನ್ ಜೊತೆ ಬಂದರೆ ಇರಲಿ, ಅದೊಂದನ್ನೇ ಮಾಡಿಸಬೇಡಿ.

ಚೀಟಿಯಲ್ಲಿ ಇಲ್ಲದ್ದು: ಮೂತ್ರದ ಎಸಿಆರ್

ರಕ್ತದ ಟೆಸ್ಟುಗಳ ನಡುವೆ ಇದನ್ನು ತಂದದ್ದಕ್ಕೆ ಕೆಲವರು ನಕ್ಕಾರು. ಮಾನ್ವಿಯ ಹಿರಿಯರೂ ನಕ್ಕರು, "ರಕ್ತ ತಗೋರಿ ಅಂದ್ರ ಉಚ್ಚಿ ಕೇಳ್ತೀರಲ್ಲ" ಎಂದು. ಆದರೆ ಮೇಲಿನ ಐದು ಮಾತನ್ನೂ ಇಟ್ಟು ತೂಗಿದರೆ ಇದೇ ಗೆಲ್ಲುತ್ತದೆ.

ಸರಿಯಾಗಿರುವ ಜರಡಿ ಅಲ್ಬುಮಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುವುದಿಲ್ಲ. ಒಳಪೊರೆ ಗಾಯಗೊಂಡ ಕೂಡಲೇ ಅದು ತೊಟ್ಟು ತೊಟ್ಟಾಗಿ ಸೋರತೊಡಗುತ್ತದೆ, ಅದೂ ಕ್ರಿಯಾಟಿನಿನ್ ಕದಲುವ ಎಷ್ಟೋ ಮೊದಲು. ನೀರು ಜಾಸ್ತಿ ಕುಡಿದವರ ಮೂತ್ರ ತೆಳುವಾಗಿರುವುದರಿಂದ, ಅದನ್ನು ಸರಿದೂಗಿಸಲು ಅಲ್ಬುಮಿನ್ ಅಂಕಿಯನ್ನು ಮೂತ್ರದ ಕ್ರಿಯಾಟಿನಿನ್ ಅಂಕಿಯಿಂದ ಭಾಗಿಸುತ್ತಾರೆ, ಅದೇ ಎಸಿಆರ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನಿಶ್ಚಿಂತೆ, 30ರಿಂದ 300 ಮಧ್ಯಮ, 300 ದಾಟಿದರೆ ಹೆಚ್ಚು. ಕೆಲವು ರಿಪೋರ್ಟುಗಳಲ್ಲಿ ಮಿಲಿಮೋಲ್ ಲೆಕ್ಕ ಇರುತ್ತದೆ, ಅಲ್ಲಿ 30ರ ಬದಲು 3 ಎಂದು ಓದಿಕೊಳ್ಳಿ.

"ಯೂರಿನ್ ರೊಟೀನ್ ಮಾಡಿಸಿದೀವಲ್ರೀ, ಅಲ್ಬುಮಿನ್ ನಿಲ್ ಅಂತ ಬಂದದ" ಎನ್ನುವವರಿಗೆ: ಆ ಟೆಸ್ಟಿನಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಬಣ್ಣ ಬದಲಿಸಬೇಕಾದರೆ ಲೀಟರಿಗೆ ಸುಮಾರು 200–300 ಮಿಲಿಗ್ರಾಂ ಸೋರಬೇಕು. ಅದಕ್ಕಿಂತ ಕೆಳಗಿನ ಸೋರಿಕೆ ಅದಕ್ಕೆ ಕಾಣುವುದಿಲ್ಲ. ಸಿಗುವಂತಿದ್ದರೆ "ಮೈಕ್ರೋಅಲ್ಬುಮಿನ್" ಅಥವಾ "ಎಸಿಆರ್" ಎಂದೇ ಹೆಸರು ಹೇಳಿ ಕೇಳಿ.

ಚೀಟಿ ಬದಲಾಗುತ್ತದೆಯೇ? ಖಂಡಿತ. ಬಿಪಿಗೆ ಹೆಚ್ಚಿನವರು ನುಂಗುವುದು ಅಮ್ಲೋಡಿಪಿನ್. ಅಲ್ಬುಮಿನ್ ಸೋರುತ್ತಿದೆ ಎಂದು ಗೊತ್ತಾದರೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗೆ ಡಾಕ್ಟರು ಮೊದಲ ಸ್ಥಾನ ಕೊಡುತ್ತಾರೆ, ಏಕೆಂದರೆ ಅವು ಬಿಪಿ ಇಳಿಸುವುದರ ಜೊತೆಗೆ ಸೋರಿಕೆಯನ್ನೂ ತಗ್ಗಿಸುತ್ತವೆ. ಸಕ್ಕರೆ ಕಾಯಿಲೆಯೂ ಇದ್ದರೆ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯ ಮಾತು ಬರುತ್ತದೆ. ಬೆಲೆ ನಮ್ಮ ಕಡೆ ಮುನ್ನೂರರಿಂದ ಆರುನೂರರ ಒಳಗೆ. ಸೂಜಿ ಚುಚ್ಚುವುದೂ ಇಲ್ಲ.

ದೋಷವೂ ಇದೆ. ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಜ್ವರ, ಉರಿಮೂತ್ರ, ಮುಟ್ಟಿನ ದಿನಗಳು, ಹಿಂದಿನ ದಿನದ ವಿಪರೀತ ದುಡಿಮೆ ಇವೆಲ್ಲ ಸುಳ್ಳು ಏರಿಕೆ ತೋರಿಸುತ್ತವೆ. ಒಂದು ಸಲ 30 ದಾಟಿದರೆ ತೀರ್ಪಲ್ಲ. ಮೂರು ತಿಂಗಳ ಅಂತರದಲ್ಲಿ ಮತ್ತೆ ನೋಡಬೇಕು.

ಇಲ್ಲೊಂದು ಸಿಟ್ಟಿನ ಮಾತು. ಜಾಹೀರಾತಿನ "ಕಿಡ್ನಿ ಪ್ರೊಫೈಲ್" ಬಿಚ್ಚಿ ನೋಡಿ. ಯೂರಿಯಾ, ಕ್ರಿಯಾಟಿನಿನ್, ಯೂರಿಕ್ ಆಸಿಡ್, ಕ್ಯಾಲ್ಸಿಯಂ, ರಂಜಕ, ಸೋಡಿಯಂ ಎಂದು ಸಾಲು ಉದ್ದ ಇರುತ್ತದೆ. ಬಿಪಿಯವರಿಗೆ ಎಲ್ಲಕ್ಕಿಂತ ಬೇಕಾದ ಎಸಿಆರ್ ಮಾತ್ರ ಬಹಳಷ್ಟು ಪಟ್ಟಿಗಳಲ್ಲಿ ಇರುವುದಿಲ್ಲ.

ಸಿಸ್ಟಾಟಿನ್ ಸಿ: ಮಗ ಹೇಳಿದ್ದು ಪೂರಾ ತಪ್ಪಲ್ಲ

ಇದು ಮೈಯ ಬಹುತೇಕ ಎಲ್ಲ ಜೀವಕೋಶಗಳೂ ಒಂದೇ ಸಮ ತಯಾರಿಸುವ ಸಣ್ಣ ಪ್ರೋಟೀನ್. ಸ್ವೀಡನ್ನಿನ ಆಂಡರ್ಸ್ ಗ್ರೂಬ್ ಮತ್ತು ಜೊತೆಗಾರರು ಇದರಿಂದ ಕಿಡ್ನಿಯ ಸೋಸುವ ಶಕ್ತಿ ಅಳೆಯಬಹುದೆಂದು 1985ರಲ್ಲಿ ತೋರಿಸಿದರು. ಮಾಂಸಖಂಡದ ಗೊಡವೆ ಇಲ್ಲದಿರುವುದೇ ಇದರ ಲಾಭ. ಮಟನ್ ಉಂಡರೂ ಏರದು.

ಮಾನ್ವಿಯ ಹಿರಿಯರಿಗೆ 68 ವರ್ಷ, ಕಡ್ಡಿಯಂಥ ಮೈ. ಅವರ ಹಳೆಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 0.9. ಸೂತ್ರಕ್ಕೆ ಹಾಕಿದರೆ ಇ-ಜಿಎಫ್‌ಆರ್ 93, ಜವಾನನಿಗೆ ಬರುವಂಥದ್ದು. ಆದರೆ ಮೈಯಲ್ಲಿ ಖಂಡವೇ ಇಲ್ಲದವರ ರಕ್ತದಲ್ಲಿ ಕ್ರಿಯಾಟಿನಿನ್ ಎಲ್ಲಿಂದ ಬರಬೇಕು? ಕಿಡ್ನಿ ಅಷ್ಟು ಚೆನ್ನಾಗಿದೆಯೋ, ಖಂಡ ಕಡಿಮೆಯಾಗಿ ಹಾಗೆ ಕಾಣುತ್ತಿದೆಯೋ ಎಂದು ಬಿಡಿಸಲು ಸಿಸ್ಟಾಟಿನ್ ಸಿ ಒಳ್ಳೆಯ ಸಾಧನ. ಜಿಮ್ಮಿಗೆ ಹೋಗಿ ಪ್ರೋಟೀನ್ ಪುಡಿ ಕುಡಿಯುವ ಹುಡುಗರದ್ದು ಇದರ ತದ್ವಿರುದ್ಧ ಕಥೆ: ಕ್ರಿಯಾಟಿನಿನ್ 1.4 ಬಂದು ಮನೆಮಂದಿಯೆಲ್ಲ ಹೆದರಿರುತ್ತಾರೆ, ಕಿಡ್ನಿ ಸರಿಯಿರುತ್ತದೆ. ಇ-ಜಿಎಫ್‌ಆರ್ 45ರಿಂದ 59ರ ನಡುವೆ ಬಂದು, ಎಸಿಆರ್ ಸರಿಯಿದ್ದು, ಕಾಯಿಲೆ ಇದೆಯೋ ಇಲ್ಲವೋ ಎಂದು ತೂಗಾಡುವವರಿಗೂ ಇದು ದಾರಿ ತೋರಿಸುತ್ತದೆ. ಕಿಡ್ನಿ ಕಾಯಿಲೆಗೆ ಡಾಕ್ಟರುಗಳು ನೋಡುವ 2024ರ ಕೆಡಿಗೊ ಅಂತಾರಾಷ್ಟ್ರೀಯ ಮಾರ್ಗಸೂಚಿ ಕೂಡ, ಸಿಗುವ ಕಡೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ಎನ್ನುತ್ತದೆ.

ಆದರೆ ಇದೂ ಪರಿಶುದ್ಧವಲ್ಲ. ಥೈರಾಯ್ಡ್ ಏರುಪೇರು, ಸ್ಟಿರಾಯ್ಡ್ ಮಾತ್ರೆ, ಬೊಜ್ಜು, ಬೀಡಿ ಸಿಗರೇಟು ಎಲ್ಲವೂ ಇದನ್ನು ಕದಲಿಸುತ್ತವೆ. ಉರಿಯೂತ ಇದ್ದವರಲ್ಲೂ ಏರಿರುತ್ತದೆ. ಬಿಪಿಯವರಲ್ಲಿ ಸಿಸ್ಟಾಟಿನ್ ಸಿ ಮತ್ತು ಸಿಆರ್‌ಪಿ ಕೈಕೈ ಹಿಡಿದು ಏರುತ್ತವೆ ಎಂದು ಓದಿ ಜನ ಎರಡನ್ನೂ ಕೇಳುತ್ತಾರೆ; ಏರಿಕೆಯಲ್ಲಿ ಕಿಡ್ನಿಯ ಪಾಲೆಷ್ಟು, ಉರಿಯೂತದ ಪಾಲೆಷ್ಟು ಎಂದು ಬಿಡಿಸುವುದು ಆಗ ಇನ್ನೂ ಕಷ್ಟ. ಬೆಲೆ ಸಾವಿರದ ಆಸುಪಾಸು ಅಥವಾ ಮೇಲೆ. ನಮ್ಮಂಥ ಲ್ಯಾಬುಗಳಿಂದ ಸ್ಯಾಂಪಲ್ ಹೈದರಾಬಾದಿಗೋ ಬೆಂಗಳೂರಿಗೋ ಹೋಗುತ್ತದೆ, ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ. ಎರಡು ಮೂರು ದಿನ ಹಿಡಿಯುತ್ತದೆ. ಅನುಮಾನ ಬಿಡಿಸಲು ಒಮ್ಮೆ ಮಾಡಿಸುವ ಟೆಸ್ಟ್ ಇದು.

ಎಚ್‌ಎಸ್-ಸಿಆರ್‌ಪಿ: ಹೇಳುವುದು ಬಹಳ, ತೋರಿಸುವ ದಾರಿ ಕಡಿಮೆ

ಸಿಆರ್‌ಪಿ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿದ್ದು. ಮೈಯಲ್ಲಿ ಎಲ್ಲೇ ಉರಿಯೂತವಾದರೂ ಪಿತ್ತಜನಕಾಂಗ ಇದನ್ನು ಸುರಿಯುತ್ತದೆ. ರಕ್ತನಾಳದ ಒಳಗಿನ ಸಣ್ಣ, ಮಂದ ಉರಿಯೂತವನ್ನು ಹಿಡಿಯಲು ಸೂಕ್ಷ್ಮವಾದ ಎಚ್‌ಎಸ್ ಬಗೆ ಬೇಕು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ನಡುಮಟ್ಟ, 3 ದಾಟಿದರೆ ಹೆಚ್ಚು.

ಎರಡು ಬಲೆಗಳಿವೆ. ಒಂದು, "ಸಿಆರ್‌ಪಿ" ಎಂದಷ್ಟೇ ಬರೆಸಿದರೆ ಜ್ವರಕ್ಕೆ ಮಾಡುವ ಮಾಮೂಲಿ ಟೆಸ್ಟ್ ಆಗಿಬಿಡುತ್ತದೆ, ಸಣ್ಣ ಅಂಕಿ ಅದಕ್ಕೆ ಸಿಗದು. ಇನ್ನೊಂದು, ಅಳತೆ. ಕೆಲವು ಲ್ಯಾಬು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ 0.4 ಅಂದರೆ ಇಲ್ಲಿನ 4. ಹಳೆಯ ರಿಪೋರ್ಟಿನ ಜೊತೆ ಹೋಲಿಸುವಾಗ ಅಂಕಿಯ ಪಕ್ಕದ ಅಳತೆಯನ್ನು ಮೊದಲು ಓದಿ.

ಹುಳುಕು ಹಲ್ಲು, ಊದಿದ ಒಸಡು, ಕಾಲಿನ ಹುಣ್ಣು, ಸಂಧಿವಾತ, ನಿನ್ನೆಯ ನೆಗಡಿ ಯಾವುದಕ್ಕೂ ಇದು ಏರುತ್ತದೆ. 10 ದಾಟಿದರೆ ಹೃದಯ, ಕಿಡ್ನಿಯ ಲೆಕ್ಕಕ್ಕೆ ಆ ಅಂಕಿ ಬೇಡ. ಸೋಂಕೋ ಮತ್ತೊಂದೋ ಹುಡುಕಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಚಿಕೂನ್‌ಗುನ್ಯಾ, ಡೆಂಗಿ ಓಡಾಡುವ ಕಾಲದಲ್ಲಿ ಮಾಡಿಸಲೇಬೇಡಿ.

ಚೀಟಿ ಬದಲಾಗುತ್ತದೆಯೇ ಎಂದರೆ, ಬಿಪಿ ಮಾತ್ರೆಯ ಮಟ್ಟಿಗೆ ಇಲ್ಲ. ಸಿಆರ್‌ಪಿ ಹೆಚ್ಚಿದೆ ಎಂದು ಬಿಪಿಗೆ ಬೇರೆ ಮಾತ್ರೆ ಕೊಡುವ ಪದ್ಧತಿ ಇಲ್ಲ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಗಡಿಯಲ್ಲಿ ನಿಂತವರಿಗೆ ಮಾತ್ರ ಇದು ತಕ್ಕಡಿ ವಾಲಿಸಬಹುದು. 2008ರಲ್ಲಿ ಪ್ರಕಟವಾದ ಜ್ಯುಪಿಟರ್ ಪ್ರಯೋಗದಲ್ಲಿ, ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿರದೆ ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚಿದ್ದ ಸುಮಾರು 17,800 ಜನರನ್ನು ನೋಡಿದರು. ರೊಸುವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದವು. ಅಪ್ಪ ಅಥವಾ ಅಣ್ಣ ಐವತ್ತರೊಳಗೆ ಹೃದಯಾಘಾತದಿಂದ ಹೋಗಿದ್ದರೆ, ಡಾಕ್ಟರ ಜೊತೆ ಮಾತಾಡಿ ಇದಕ್ಕೆ ದುಡ್ಡು ಹಾಕಿ. ಬೀಡಿ ಬಿಡದೆ ಸಿಆರ್‌ಪಿ ಮಾಡಿಸಲು ಬರುವವರಿಗೆ ನಾನು ಬೈಯುವುದುಂಟು, ಮಾಲೀಕರು ಕೇಳಿಸಿಕೊಳ್ಳದ ಹಾಗೆ.

ಪುಕ್ಕಟೆ ಒಂದು, ಅನವಶ್ಯಕ ಒಂದು

ರಕ್ತಕಣ ಎಣಿಸುವ ಸಿಬಿಸಿ ಮಾಡಿಸಿದ ಹಳೆಯ ರಿಪೋರ್ಟು ಮನೆಯಲ್ಲಿದ್ದರೆ ಅದರಲ್ಲಿ ನ್ಯೂಟ್ರೊಫಿಲ್, ಲಿಂಫೊಸೈಟ್ ಎಂದು ಎರಡು ಬಗೆಯ ಬಿಳಿ ರಕ್ತಕಣಗಳ ಅಂಕಿ ಇರುತ್ತದೆ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 66ಕ್ಕೆ 22 ಇದ್ದರೆ 3. ಇದನ್ನೇ ಎನ್‌ಎಲ್‌ಆರ್ ಎನ್ನುತ್ತಾರೆ. ಉರಿಯೂತದ ಒರಟು ಅಂದಾಜು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರ ನಡುವೆ ಇರುತ್ತದೆ, ಆದರೆ ಬಿಪಿಯವರಿಗೆ ಇಂತಿಷ್ಟೇ ಎಂದು ಎಲ್ಲರೂ ಒಪ್ಪಿದ ಗೆರೆ ಇಲ್ಲ. ಇದಕ್ಕೆಂದೇ ಹೊಸದಾಗಿ ಸಿಬಿಸಿ ಮಾಡಿಸಬೇಡಿ.

ಯೂರಿಕ್ ಆಸಿಡ್ ಬಿಪಿಯವರಲ್ಲಿ ಏರಿರುವುದು ಮಾಮೂಲು. ನೀರು ಇಳಿಸುವ ಥಯಜೈಡ್ ಮಾತ್ರೆಯೇ ಅದನ್ನು ಏರಿಸುತ್ತದೆ. ಅದನ್ನು ಇಳಿಸಿದರೆ ಕಿಡ್ನಿ ಉಳಿಯುತ್ತದೆಂಬ ಆಸೆ ಇತ್ತು, 2020ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಅಲೋಪ್ಯೂರಿನಾಲ್ ಕೊಟ್ಟರೂ ಕಿಡ್ನಿಯ ಇಳಿತ ನಿಧಾನವಾಗಲಿಲ್ಲ. ಕಾಲಿನ ಹೆಬ್ಬೆರಳು ಊದಿ ಕೆಂಪಾಗಿದ್ದರೆ, ಕಲ್ಲಿನ ತೊಂದರೆ ಇದ್ದರೆ ಮಾಡಿಸಿ.

ಜೇಬು ನೋಡಿಕೊಂಡು

ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ವಿಭಾಗಕ್ಕೆ ಹೋಗಿ. ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ಎಲ್ಲ ಕಡೆ ಕ್ರಿಯಾಟಿನಿನ್, ಮೂತ್ರದ ಮಾಮೂಲಿ ಪರೀಕ್ಷೆ ಆಗುತ್ತವೆ. ರೇಷನ್ ಕಾರ್ಡು, ಆಧಾರ್ ಒಯ್ಯಿರಿ, ಬೆಳಗ್ಗೆ ಬೇಗ ಹೋಗಿ. ಐನೂರು ಆರುನೂರು ಇದ್ದರೆ ಕ್ರಿಯಾಟಿನಿನ್ ಸರ್ಕಾರಿಯಲ್ಲಿ, ಎಸಿಆರ್ ಹೊರಗೆ. ನನ್ನ ಮನೆಯವರಿಗೆ ಆದರೂ ಇದನ್ನೇ ಹೇಳುತ್ತೇನೆ. ಸಕ್ಕರೆಯೂ ಇದ್ದರೆ ಈ ಎರಡನ್ನು ವರ್ಷಕ್ಕೊಮ್ಮೆಯಾದರೂ ಬಿಡಬೇಡಿ. ಎರಡು ಸಾವಿರ ಇಟ್ಟುಕೊಂಡು ಬಂದವರು ಮೇಲಿನ ಎರಡು ಮುಗಿಸಿ, ಉಳಿದದ್ದನ್ನು ಯಾವ ಅನುಮಾನ ಇದೆಯೋ ಅದರ ಮೇಲೆ ಹಾಕಿ: ಮೈಕಟ್ಟಿನ ಅನುಮಾನವಿದ್ದರೆ ಸಿಸ್ಟಾಟಿನ್ ಸಿ, ಹೃದಯದ ಮನೆತನದ ಭಯವಿದ್ದರೆ ಎಚ್‌ಎಸ್-ಸಿಆರ್‌ಪಿ. ಎರಡೂ ಇಲ್ಲದಿದ್ದರೆ ಆ ದುಡ್ಡಿಗೆ ಮನೆಯಲ್ಲಿ ಇಟ್ಟುಕೊಳ್ಳುವ ಬಿಪಿ ಮಷಿನ್ ಬರುತ್ತದೆ, ತೋಳಿಗೆ ಕಟ್ಟುವಂಥದ್ದು ನೋಡಿ ತನ್ನಿ.

ಮಾನ್ವಿಯವರು ಅಂದು ಮಾಡಿಸಿದ್ದು ಕ್ರಿಯಾಟಿನಿನ್ ಮತ್ತು ಎಸಿಆರ್. ಕ್ರಿಯಾಟಿನಿನ್ ಮತ್ತೆ 0.9, ಎಸಿಆರ್ 62. ಡಾಕ್ಟರು ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಲು ಬರೆದು, ಅದರ ಜೊತೆ ಸಿಸ್ಟಾಟಿನ್ ಸಿಯನ್ನೂ ಸೇರಿಸಿದ್ದಾರೆ. ಮಗನಿಗೆ ಫೋನ್ ಮಾಡಿ "ನೀ ಹೇಳಿದ್ದು ಅರ್ಧ ಖರೆ" ಅಂದರಂತೆ. ಹೋಗುವಾಗ ಡಬ್ಬಿಯನ್ನು ಮುಂಚೆಯೇ ಒಯ್ಯಿರಿ ಎಂದು ಕೊಟ್ಟೆ. ಎಸಿಆರ್‌ಗೆ ಬೆಳಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರ ಒಳ್ಳೆಯದು, ಶುರುವಿನದನ್ನು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಬೇಕು. ದಯವಿಟ್ಟು ಉಪ್ಪಿನಕಾಯಿ ಬಾಟಲಿ ತೊಳೆದು ತರಬೇಡಿ, ಡಬ್ಬಿ ನಾವೇ ಪುಕ್ಕಟೆ ಕೊಡುತ್ತೇವೆ.